ಕೆಲಸ ಬಿಡ್ತಿದ್ದೀನಿ, ಪಿಂಚಣಿ ಹಣ ತೆಗೆದುಬಿಡಲಾ?

ಪ್ರಶ್ನೆ: ನನಗೆ 34 ವರ್ಷ. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 2016ರ ಕೊನೆಯಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಮೂಲ ವೇತನ 12,000 ರೂಪಾಯಿ ಇತ್ತು. ಅಲ್ಲಿ 3 ವರ್ಷ 2 ತಿಂಗಳು ದುಡಿದೆ. ಕೆಲವು ತಿಂಗಳು ಮನೆಯಲ್ಲಿದ್ದು ಈ ಕೆಲಸಕ್ಕೆ ಬಂದೆ. ಇಲ್ಲಿ 5 ವರ್ಷ 5 ತಿಂಗಳಾಯಿತು. ಈಗ ಮೂಲ ವೇತನ 16,500. ಮದುವೆಯಾಗಿ ಮೂರು ವರ್ಷ, ಒಂದು ವರ್ಷದ ಮಗಳಿದ್ದಾಳೆ. ಎರಡು ವರ್ಷ ಕೆಲಸ ಬಿಟ್ಟು ಮಗಳನ್ನು ನೋಡಿಕೊಳ್ಳಬೇಕೆಂದಿದ್ದೇನೆ. ನಮ್ಮ ಯಜಮಾನರು, "ಹೇಗೂ ಬಿಡ್ತಿದ್ದೀಯಲ್ಲ, ಪಿಎಫು, ಪಿಂಚಣಿ ಎರಡೂ ತೆಗೆದುಬಿಡು, ಸೈಟಿನ ಸಾಲಕ್ಕೆ ಕಟ್ಟೋಣ" ಅನ್ನುತ್ತಾರೆ. ಮೊದಲ ಕಂಪನಿಯ ಪಿಎಫ್ ಇನ್ನೂ ಅಲ್ಲೇ ಇದೆ. ನಾಮಿನಿ ಅಂತ ಆಗ ಅಮ್ಮನ ಹೆಸರು ಕೊಟ್ಟಿದ್ದೆ, ಬದಲಾಯಿಸಿಲ್ಲ. ಮದುವೆಯಾದ ಮೇಲೆ ಆಧಾರ್‌ನಲ್ಲಿ ಹೆಸರಿನ ಜೊತೆ ಗಂಡನ ಹೆಸರು ಸೇರಿಸಿಕೊಂಡಿದ್ದೇನೆ. ನಾನು ಏನು ಮಾಡಬೇಕು?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಪಿಎಫ್ ಬಗ್ಗೆ ನೀವಿಬ್ಬರೂ ಕೂತು ಯೋಚಿಸಬಹುದು. ಪಿಂಚಣಿಯನ್ನು ಮಾತ್ರ ಈಗ ಮುಟ್ಟಬೇಡಿ. ನಿಮ್ಮ ಪತ್ರದಲ್ಲಿ ಇವೆರಡೂ ಒಂದೇ ಗಂಟು ಅನ್ನುವ ಹಾಗೆ ಇದೆ. ಹೆಚ್ಚಿನವರು ಹಾಗೇ ಅಂದುಕೊಂಡಿರುತ್ತಾರೆ, ಅದರಿಂದಲೇ ತೊಂದರೆ ಶುರುವಾಗುತ್ತದೆ.

ನಿಮ್ಮ ಸಂಬಳದಿಂದ 12% ಹೋಗುತ್ತದಲ್ಲ, ಅದು ಪೂರ್ತಿ ನಿಮ್ಮ ಪಿಎಫ್ ಖಾತೆಗೆ. ಕಂಪನಿಯೂ 12% ಹಾಕುತ್ತದೆ, ಆದರೆ ಅದು ಒಡೆದು ಹೋಗುತ್ತದೆ. 8.33% ಪಿಂಚಣಿ ನಿಧಿಗೆ, ಉಳಿದದ್ದು ಪಿಎಫ್‌ಗೆ. ಪಿಂಚಣಿಯ ಪಾಲಿಗೆ ಒಂದು ಮಿತಿ ಇದೆ. ಸಂಬಳ ಎಷ್ಟೇ ಇರಲಿ, 15,000 ರೂಪಾಯಿಯ ತನಕ ಮಾತ್ರ ಲೆಕ್ಕ. ಅಂದರೆ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. ಈ ಮಿತಿ 2014ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ 6,500 ಇತ್ತು.

ಪಾಸ್‌ಬುಕ್ ತೆರೆದು ನೋಡಿ. ಪಿಂಚಣಿ ಕಾಲಂ ಬೇರೆ ಇರುತ್ತದೆ, ಅದಕ್ಕೆ ಬಡ್ಡಿ ಸೇರುವುದಿಲ್ಲ. "ನನ್ನ ಬಡ್ಡಿ ಎಲ್ಲಿ ಹೋಯ್ತು" ಅಂತ ಕೇಳುವವರು ಬಹಳ. ಅದು ನಿಮ್ಮ ಹೆಸರಿನ ಉಳಿತಾಯ ಖಾತೆ ಅಲ್ಲ. ಎಲ್ಲ ನೌಕರರ ಹಣ ಸೇರುವ ಒಂದೇ ನಿಧಿ. ಅಲ್ಲಿ ನಿಮ್ಮದಾಗಿ ಬೆಳೆಯುವುದು ರೂಪಾಯಿ ಅಲ್ಲ, ಸೇವೆಯ ವರ್ಷಗಳು. 1995ರ ನವೆಂಬರ್ 16ರಂದು ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆ ಪೂರ್ತಿ ನಿಂತಿರುವುದು ಈ ವರ್ಷಗಳ ಲೆಕ್ಕದ ಮೇಲೆ. ಪಿಂಚಣಿಗೆ ಅರ್ಹವಾದ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ ಬರುತ್ತದೆ. ಸಂಬಳ ಅಂದರೆ ಕೊನೆಯ 60 ತಿಂಗಳ ಸರಾಸರಿ, ಅದಕ್ಕೂ ಅದೇ 15,000ದ ಮಿತಿ. 20 ವರ್ಷ ಸೇವೆ ಆದವರಿಗೆ ಎರಡು ವರ್ಷ ಹೆಚ್ಚಿಗೆ ಸೇರಿಸಿ ಕೊಡುತ್ತಾರೆ. ಪೂರ್ಣ ಪಿಂಚಣಿ 58ಕ್ಕೆ. ಬೇಕಾದರೆ 50ರ ನಂತರ ಪಡೆಯಬಹುದು, ಆದರೆ 58ಕ್ಕೆ ಉಳಿದಿರುವ ಪ್ರತಿ ವರ್ಷಕ್ಕೆ 4% ಕಡಿಮೆಯಾಗುತ್ತದೆ. ಇದಕ್ಕೆಲ್ಲ ಬಾಗಿಲು ಒಂದೇ: 10 ವರ್ಷದ ಸೇವೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 3 ವರ್ಷ 2 ತಿಂಗಳಿಗೆ 5 ವರ್ಷ 5 ತಿಂಗಳು ಸೇರಿಸಿದರೆ 8 ವರ್ಷ 7 ತಿಂಗಳು. ಮಧ್ಯದ ಖಾಲಿ ತಿಂಗಳುಗಳಿಂದ ಏನೂ ಹಾಳಾಗಿಲ್ಲ. ಆ ತಿಂಗಳುಗಳು ಲೆಕ್ಕಕ್ಕೆ ಸೇರುವುದಿಲ್ಲ, ಅಷ್ಟೇ. ಹಿಂದಿನ ಸೇವೆ ಅಳಿಸಿಹೋಗುವುದಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಮಗು, ಅನಾರೋಗ್ಯ, ಅತ್ತೆ ಮಾವನ ಆರೈಕೆ ಅಂತ ಕೆಲಸ ಬಿಟ್ಟ ಎಷ್ಟೋ ಹೆಣ್ಣುಮಕ್ಕಳು "ಗ್ಯಾಪ್ ಆಯ್ತು, ಇನ್ನೇನು ಪಿಂಚಣಿ" ಅಂತ ತಾವೇ ತೀರ್ಮಾನ ಮಾಡಿಕೊಂಡು ಹಣ ತೆಗೆದುಬಿಡುತ್ತಾರೆ. ಸೇವೆ ಮುರಿಯುವುದು ಗ್ಯಾಪ್‌ನಿಂದ ಅಲ್ಲ. ಆ ಹಣ ತೆಗೆಯಲು ಫಾರ್ಮ್ 10ಸಿ ತುಂಬಿದಾಗ.

ಆದರೆ ನಿಮ್ಮ ಮೊದಲ ಕಂಪನಿಯ ಖಾತೆ ವರ್ಗಾವಣೆ ಆಗಿಲ್ಲ ಅಂದಿರಲ್ಲ, ಅದು ಈಗಲೇ ಸರಿಯಾಗಬೇಕು. ಇಲ್ಲದಿದ್ದರೆ ಪಿಎಫ್ ಕಚೇರಿಯ ದಾಖಲೆಯಲ್ಲಿ ನಿಮ್ಮ ಸೇವೆ 5 ವರ್ಷ 5 ತಿಂಗಳು ಮಾತ್ರ ಕಾಣುವ ಅಪಾಯ ಇದೆ. ಎರಡೂ ಕಂಪನಿಯವರು ಒಂದೇ ಯುಎಎನ್‌ಗೆ (ಕೆಲಸ ಬದಲಾದರೂ ಒಂದೇ ಇರಬೇಕಾದ ನಿಮ್ಮ ಪಿಎಫ್ ಸಂಖ್ಯೆ) ಹಣ ಕಟ್ಟಿದ್ದಾರಾ ಅಂತ ಮೊದಲು ನೋಡಿ. ಎರಡು ಯುಎಎನ್ ಆಗಿದ್ದರೆ ಹಳೆಯದನ್ನು ಈಗಿನದಕ್ಕೆ ಸೇರಿಸಬೇಕು. ಆಮೇಲೆ ಪಿಎಫ್ ಸಂಸ್ಥೆಯ ಪೋರ್ಟಲ್‌ನಲ್ಲಿ ಆನ್‌ಲೈನ್ ವರ್ಗಾವಣೆ ಅರ್ಜಿ ಹಾಕಿ. ಒಂದು ವಿಷಯಕ್ಕೆ ಗಾಬರಿಯಾಗಬೇಡಿ. ವರ್ಗಾವಣೆ ಮುಗಿದ ಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಪಿಎಫ್ ಹಣ ಬಂದಿರುತ್ತದೆ, ಪಿಂಚಣಿ ಕಾಲಂನಲ್ಲಿ ಸೊನ್ನೆ ಇರುತ್ತದೆ. ಹಣ ನುಂಗಿದರು ಅಂತಲ್ಲ. ಪಿಂಚಣಿಯಲ್ಲಿ ವರ್ಗವಾಗುವುದು ಸೇವೆಯ ವಿವರ ಮಾತ್ರ. ಅದು ಬಂದಿದೆಯಾ ಅಂತ ಪೋರ್ಟಲ್‌ನ ಸೇವಾ ವಿವರದಲ್ಲಿ ನೋಡಿ. ಸೇರಿದ ದಿನ, ಬಿಟ್ಟ ದಿನ ಎರಡೂ ಸರಿ ಇರಬೇಕು.

ವರ್ಗಾವಣೆಯಿಂದ ತೆರಿಗೆಯಲ್ಲೂ ಅನುಕೂಲ ಇದೆ. 5 ವರ್ಷದ ಸೇವೆ ತುಂಬುವ ಮುಂಚೆ ತೆಗೆದ ಪಿಎಫ್‌ಗೆ ತೆರಿಗೆ ಬೀಳುತ್ತದೆ. ಹಳೆಯ ಖಾತೆಯನ್ನು ಹಾಗೇ ತೆಗೆದರೆ ಅದು ಬರೀ 3 ವರ್ಷದ ಖಾತೆ. ಹೊಸದಕ್ಕೆ ಸೇರಿಸಿದರೆ ಹಳೆಯ ಸೇವೆಯೂ ಕೂಡಿ 5 ವರ್ಷ ದಾಟುತ್ತದೆ.

ಇನ್ನು, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು ಒಂದಿದೆ. 10 ವರ್ಷ ಅಂತ ನಿಯಮ ಹೇಳಿದರೂ, ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನು ಒಂದು ವರ್ಷ ಅಂತ ಎಣಿಸುತ್ತಾರೆ. ಅಂದರೆ 9 ವರ್ಷ 6 ತಿಂಗಳಾದರೆ 10 ಆದ ಹಾಗೆ. ನಿಮಗೆ ಬೇಕಿರುವುದು ಇನ್ನು 11 ತಿಂಗಳು ಮಾತ್ರ! ಈ 11 ತಿಂಗಳನ್ನು ಈಗಲೇ ಮುಗಿಸಲು ದಾರಿ ಇದೆಯಾ ನೋಡಿ. ಕಡಿಮೆ ಗಂಟೆಯ ಕೆಲಸ, ವಾರದಲ್ಲಿ ಕೆಲವು ದಿನ ಮನೆಯಿಂದ ಕೆಲಸ, ಕೂಡಿಟ್ಟ ಸಂಬಳದ ರಜೆ, ಏನಾದರೂ ಸರಿ. ಸಂಬಳ ಬಂದು ಕಂತು ಕಟ್ಟಿದ ಅವಧಿ ಸೇವೆಗೆ ಸೇರುತ್ತದೆ. ಸಂಬಳವಿಲ್ಲದ ರಜೆಯ ದಿನಗಳನ್ನು ಕಂತಿಲ್ಲದ ದಿನಗಳು ಅಂತ ಕಳೆಯುತ್ತಾರೆ.

ಮನೆಯಲ್ಲಿ ಅದು ಸಾಧ್ಯವಿಲ್ಲ ಅಂದರೆ ಬೇಸರ ಬೇಡ. ಎರಡು ವರ್ಷ ಬಿಟ್ಟು ಬಂದು ಆ 11 ತಿಂಗಳು ಮಾಡಿದರೂ 10 ತುಂಬುತ್ತದೆ. ಹಾಗಾದರೆ ಈಗಲೇ ಯಾಕೆ ಅಂತೀರಾ? 10 ವರ್ಷ ಆದ ಮೇಲೆ ನೀವು ಕೆಲಸದಲ್ಲಿ ಇರಲಿ, ಬಿಡಲಿ, ಪಿಂಚಣಿಯ ಹಕ್ಕು ನಿಮ್ಮದು. ಕೆಲಸ ಬಿಟ್ಟ ಮೇಲೆ, 58ಕ್ಕೆ ಮುಂಚೆ ನಿಮಗೆ ಏನಾದರೂ ಆದರೂ ಗಂಡನಿಗೆ, ಮಗಳಿಗೆ ಪಿಂಚಣಿ ಸಿಗುತ್ತದೆ. ಮಗು ಚಿಕ್ಕದಿರುವಾಗ ಆ ಭದ್ರತೆ ಇರುವುದು ಒಳ್ಳೆಯದು. ಇನ್ನೊಂದು, 10 ವರ್ಷ ತುಂಬಿದ ಮೇಲೆ ಒಟ್ಟಿಗೆ ಹಣ ತೆಗೆಯುವ ಆಯ್ಕೆಯೇ ಇರುವುದಿಲ್ಲ. ಮನೆಯಲ್ಲಿ ಈ ವಾದವೂ ಅಲ್ಲಿಗೇ ಮುಗಿಯುತ್ತದೆ.

ನಿಮ್ಮ ಯಜಮಾನರ ಮಾತನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಅವರ ಲೆಕ್ಕವನ್ನೂ ನೋಡೋಣ. ಪಿಂಚಣಿ ಭಾಗ ತೆಗೆದರೆ ಸಿಗುವುದು ಅಂದಾಜು ಒಂದು ವರ್ಷದ ಸೇವೆಗೆ ಒಂದು ತಿಂಗಳ ಸಂಬಳ, ಅದೂ 15,000ದ ಮಿತಿಯಲ್ಲಿ. ಎರಡೂ ಕಂಪನಿಯ ಸೇವೆ ಸೇರಿದರೆ ಸುಮಾರು 1,30,000 ಅಂತ ಇಟ್ಟುಕೊಳ್ಳಿ. ತೆಗೆಯದೆ ಮುಂದೆ 10 ವರ್ಷ ತುಂಬಿಸಿದಿರಿ ಅನ್ನಿ, ಅದರಲ್ಲಿ ಇಷ್ಟೇ ಸೇವೆಯನ್ನು 9 ವರ್ಷ ಅಂತ ಎಣಿಸಿದರೆ 58ರ ನಂತರ ಅದು ತರುವುದು ತಿಂಗಳಿಗೆ 1,928 ರೂಪಾಯಿ. 1,30,000ವನ್ನು 24 ವರ್ಷ ಕೈ ಹಾಕದೆ 7% ಚಕ್ರಬಡ್ಡಿಯಲ್ಲಿ ಬಿಟ್ಟರೆ ಆರೂವರೆ ಲಕ್ಷ ದಾಟುತ್ತದೆ. ಕಾಗದದ ಮೇಲೆ ಅದು ಕಡಿಮೆಯೇನಲ್ಲ. ಪಿಂಚಣಿ ಬೆಲೆ ಏರಿದ ಹಾಗೆ ಏರುವುದೂ ಇಲ್ಲ. ಆದರೆ ನೀವು ಅದನ್ನು 24 ವರ್ಷ ಬಿಡುತ್ತಿಲ್ಲ, ಸೈಟಿನ ಸಾಲಕ್ಕೆ ಕಟ್ಟುತ್ತೀರಿ, ಅಲ್ವಾ? ಜೊತೆಗೆ, ತೆಗೆದ ಮೇಲೆ 10 ವರ್ಷದ ಎಣಿಕೆ ಮತ್ತೆ ಸೊನ್ನೆಯಿಂದ ಶುರು.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. 2014ರ ಸೆಪ್ಟೆಂಬರ್‌ನಿಂದ, 15,000ಕ್ಕಿಂತ ಹೆಚ್ಚು ಸಂಬಳದಲ್ಲಿ ಹೊಸದಾಗಿ ಸೇರುವವರಿಗೆ ಪಿಂಚಣಿ ಯೋಜನೆಯ ಸದಸ್ಯತ್ವವೇ ಇಲ್ಲ. ನೀವು 12,000ಕ್ಕೆ ಸೇರಿದ್ದರಿಂದ ಸದಸ್ಯರಾದಿರಿ. ಸಂಬಳ ಮಿತಿ ದಾಟಿದ ಮೇಲೂ ಸದಸ್ಯತ್ವ ಉಳಿದಿದೆ. ಈಗ ಹಣ ತೆಗೆದು, ಎರಡು ವರ್ಷದ ನಂತರ 20,000 ಮೂಲ ವೇತನಕ್ಕೆ ಬೇರೆ ಕಡೆ ಸೇರಿದಿರಿ ಅನ್ನಿ. ಆಗ ನೀವು ಹೊಸಬರು. ಪಿಂಚಣಿ ಇಲ್ಲ. ಕಂಪನಿಯ ಪಾಲು ಪೂರ್ತಿ ಪಿಎಫ್‌ಗೆ ಹೋಗುತ್ತದೆ, ಹಣ ಎಲ್ಲೂ ಕಳೆದುಹೋಗುವುದಿಲ್ಲ, ನಿಜ. ಆದರೆ ಬದುಕಿರುವಷ್ಟು ದಿನ ಬರುವ ಪಿಂಚಣಿ, ನಿಮ್ಮ ನಂತರ ಮನೆಯವರಿಗೆ ಬರುವ ಪಿಂಚಣಿ, ಎರಡೂ ಹೋಯಿತು. ಹಣ ಮುಟ್ಟದೆ ಎರಡು ವರ್ಷದ ನಂತರ ಮರಳಿ 58ರ ತನಕ ದುಡಿದರೆ ಸೇವೆ 31 ವರ್ಷ, ಜೊತೆಗೆ 20 ವರ್ಷ ದಾಟಿದ್ದಕ್ಕೆ ಹೆಚ್ಚಿಗೆ ಕೊಡುವ ಎರಡು ವರ್ಷ ಸೇರಿ 33. ತಿಂಗಳಿಗೆ ಸುಮಾರು 7,071 ರೂಪಾಯಿ. ದೊಡ್ಡ ಮೊತ್ತ ಅಂತ ನಾನು ಹೇಳುವುದಿಲ್ಲ. ಇದೊಂದನ್ನೇ ನಂಬಿ ಮುಪ್ಪು ಕಳೆಯಲು ಆಗುವುದಿಲ್ಲ. ಆದರೂ ಕಂಪನಿಯ ಪಾಲಿನಿಂದ ಹುಟ್ಟುವ ಈ ಹಕ್ಕನ್ನು ಒಂದು ಅರ್ಜಿಯಲ್ಲಿ ಬಿಟ್ಟುಕೊಡಬೇಡಿ.

ಸೈಟಿನ ಸಾಲಕ್ಕೆ ಹಣ ಬೇಕೇ ಬೇಕು ಅಂದರೆ ಪಿಎಫ್ ಭಾಗ ಇದೆ. ಮನೆ, ಸೈಟಿನ ಕಾರಣಕ್ಕೆ ಅದರಿಂದ ಮುಂಗಡ ತೆಗೆಯಲು ಅವಕಾಶ ಇದೆ, ಪಿಂಚಣಿ ಮುಟ್ಟಬೇಕಿಲ್ಲ. ತೆಗೆಯುವ ನಿಯಮಗಳು ಮಾತ್ರ ಬದಲಾಗುತ್ತಿವೆ. ಮೊದಲು ಕೆಲಸ ಬಿಟ್ಟು ಎರಡು ತಿಂಗಳಾದರೆ ಎರಡನ್ನೂ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರ್‌ನಲ್ಲಿ ಭವಿಷ್ಯ ನಿಧಿಯ ಕೇಂದ್ರ ಟ್ರಸ್ಟಿ ಮಂಡಳಿ ಇದನ್ನು ಪಿಎಫ್‌ಗೆ 12 ತಿಂಗಳು, ಪಿಂಚಣಿಗೆ 36 ತಿಂಗಳು ಅಂತ ಮಾಡಲು ತೀರ್ಮಾನಿಸಿತು. ಅವಸರದಲ್ಲಿ ಪಿಂಚಣಿ ಕಳೆದುಕೊಳ್ಳುವವರನ್ನು ತಡೆಯಲು ಇದು ಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿರುವ ನಿಯಮ ನೋಡಿಕೊಳ್ಳಿ. ಸುಮ್ನೆ ಬಿಟ್ಟರೂ ಪಿಎಫ್ ಹಣಕ್ಕೆ ನಿಮ್ಮ ವಯಸ್ಸಿನಲ್ಲಿ ಬಡ್ಡಿ ನಿಲ್ಲುವುದಿಲ್ಲ. 2024-25ಕ್ಕೆ ಅದು 8.25% ಇತ್ತು. ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆ ಇದೆ ಅನ್ನುವುದು ನೆನಪಿರಲಿ.

ಈಗ ನಾಮಿನಿ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕವಾದದ್ದು ಇದೇ ಸಾಲು. ಮದುವೆಗೆ ಮುಂಚೆ ಮಾಡಿದ ಪಿಎಫ್ ನಾಮಿನೇಷನ್ ಮದುವೆಯ ದಿನದಿಂದ ಅಸಿಂಧು. ಯಾರೂ ಪತ್ರ ಬರೆದು ತಿಳಿಸುವುದಿಲ್ಲ, ಅದರಷ್ಟಕ್ಕೆ ಅದು ರದ್ದು. ಅಂದರೆ ಮೂರು ವರ್ಷದಿಂದ ನಿಮ್ಮ ಖಾತೆಗೆ ನಾಮಿನಿಯೇ ಇಲ್ಲ. ನಿಮಗೆ ಏನಾದರೂ ಆದರೆ ಪಿಎಫ್ ಹಣ ಕುಟುಂಬದವರಿಗೆ ಸಮಪಾಲಾಗಿ ಹೋಗುತ್ತದೆ. ಗಂಡ, ಮಗಳು ಅದರಲ್ಲಿ ಇದ್ದಾರೆ. ಅಮ್ಮ ನಿಮ್ಮ ದುಡಿಮೆಯನ್ನೇ ನಂಬಿದ್ದಾರೆ ಅಂತ ತೋರಿಸಿದರೆ ಮಾತ್ರ ಅವರಿಗೂ ಪಾಲು. ದುಃಖದಲ್ಲಿರುವ ಅಮ್ಮ ಕಚೇರಿಗೆ ಅಲೆದು ಇದನ್ನು ಸಾಬೀತು ಮಾಡಬೇಕಾಗುತ್ತದೆ.

ಅಮ್ಮನಿಗೆ ಏನಾದರೂ ಸಿಗಲಿ ಅನ್ನುವುದು ನಿಮ್ಮ ಆಸೆಯಾದರೆ ದಾರಿ ಇದೆ. ಅವಲಂಬಿತ ತಾಯಿ ಪಿಎಫ್ ನಿಯಮದಲ್ಲಿ ಕುಟುಂಬವೇ. ಹೊಸ ನಾಮಿನೇಷನ್‌ನಲ್ಲಿ ಗಂಡನಿಗೆ ಇಷ್ಟು, ಮಗಳಿಗೆ ಇಷ್ಟು, ಅಮ್ಮನಿಗೆ ಇಷ್ಟು ಅಂತ ಶೇಕಡಾವಾರು ಹಂಚಬಹುದು. ಅಣ್ಣ, ತಮ್ಮ, ಅಕ್ಕ, ತಂಗಿಯನ್ನು ಹಾಕಲು ಬರುವುದಿಲ್ಲ. ಕುಟುಂಬ ಇರುವಾಗ ಹೊರಗಿನವರ ಹೆಸರು ಹಾಕಿದರೆ ಅದು ನಿಲ್ಲುವುದಿಲ್ಲ.

ಪಿಂಚಣಿಯಲ್ಲಿ ಕಥೆ ಬೇರೆ. ಅಲ್ಲಿ ಕುಟುಂಬ ಅಂದರೆ ಗಂಡ ಅಥವಾ ಹೆಂಡತಿ ಮತ್ತು ಮಕ್ಕಳು ಮಾತ್ರ. ದತ್ತು ಮಕ್ಕಳೂ ಸೇರುತ್ತಾರೆ. ಅಪ್ಪ ಅಮ್ಮ ಸೇರುವುದಿಲ್ಲ. ಅವರಿಗೆ ಪಿಂಚಣಿ ಸಿಗುವುದು ಸದಸ್ಯರಿಗೆ ಸಂಗಾತಿ, ಮಕ್ಕಳು ಇಲ್ಲದಿದ್ದಾಗ. ನೀವು ಕೆಲಸದಲ್ಲಿರುವಾಗ ತೀರಿಕೊಂಡರೆ, ಒಂದೇ ತಿಂಗಳ ಕಂತು ಕಟ್ಟಿದ್ದರೂ ಗಂಡನಿಗೆ ಪಿಂಚಣಿ ಇದೆ. ಮಗಳಿಗೆ ಅದರ 25% ಬೇರೆಯಾಗಿ, ಅವಳಿಗೆ 25 ವರ್ಷ ಆಗುವ ತನಕ. ಒಂದೇ ಸಲಕ್ಕೆ ಇಬ್ಬರು ಮಕ್ಕಳ ತನಕ ಇದು ಸಿಗುತ್ತದೆ. ನಿವೃತ್ತಿಯ ನಂತರ ತೀರಿಕೊಂಡರೆ ಸಂಗಾತಿಗೆ ಪಿಂಚಣಿಯ ಅರ್ಧ. ಸಂಗಾತಿ ಮರುಮದುವೆಯಾದರೆ ಅವರ ಪಿಂಚಣಿ ನಿಲ್ಲುತ್ತದೆ, ಮಕ್ಕಳಿಗೆ ಅನಾಥ ಮಕ್ಕಳ ದರದಲ್ಲಿ, ಅಂದರೆ ಸಂಗಾತಿ ಪಿಂಚಣಿಯ 75%, ಬರುತ್ತದೆ. ಇದೆಲ್ಲ ಸುಗಮವಾಗಿ ಆಗಬೇಕಾದರೆ ಮಗಳ ಹೆಸರು, ಹುಟ್ಟಿದ ದಿನ ಇವತ್ತೇ ದಾಖಲೆಯಲ್ಲಿ ಇರಬೇಕು. ಇ-ನಾಮಿನೇಷನ್‌ನಲ್ಲಿ ಕುಟುಂಬದ ವಿವರ ತುಂಬುವುದು ಅದಕ್ಕೇ. ಆಧಾರ್‌ಗೆ ಬರುವ ಓಟಿಪಿಯಿಂದ ನೀವೇ ಸಹಿ ಮಾಡಬಹುದು, ಕಂಪನಿಯ ಸಹಿ ಬೇಡ.

ವಿಚ್ಛೇದನದ ಬಗ್ಗೆ ನೀವು ಕೇಳಿಲ್ಲ. ಬೇರೆ ಓದುಗರು ಕೇಳುತ್ತಿರುವುದರಿಂದ ಎರಡು ಮಾತು. ನಮ್ಮಲ್ಲಿ ವಿಚ್ಛೇದನವಾದ ತಕ್ಷಣ ಪಿಂಚಣಿ ತಾನಾಗಿ ಎರಡು ಪಾಲಾಗುವುದಿಲ್ಲ. ಸಂಗಾತಿ ಪಿಂಚಣಿ ಸಿಗುವುದು ಸಾಯುವ ದಿನ ಕಾನೂನಿನ ಪ್ರಕಾರ ಸಂಗಾತಿಯಾಗಿರುವವರಿಗೆ. ಆದರೆ ಪಿಎಫ್ ನಾಮಿನೇಷನ್ ನೀವು ಬದಲಿಸುವ ತನಕ ಹಳೆಯ ಹೆಸರಲ್ಲೇ ಕೂತಿರುತ್ತದೆ. ಕೋರ್ಟಿನ ತೀರ್ಪು ಕೈಗೆ ಬಂದ ವಾರವೇ ಅದನ್ನು ಬದಲಿಸಿ. ಮದುವೆ ಮುರಿಯದೆ ಬೇರೆ ಇರುವ ಮಹಿಳೆ, ಗಂಡನನ್ನು ಪಿಎಫ್‌ನ ಕುಟುಂಬದಿಂದ ಹೊರಗಿಡುವಂತೆ ಪಿಎಫ್ ಆಯುಕ್ತರಿಗೆ ಬರೆದು ಕೊಡಬಹುದು. ಈ ಹಕ್ಕು ಇರುವುದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಹೆಸರಿನ ವಿಷಯ. ಪಿಎಫ್‌ನಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ನಮ್ಮ ಕಡೆ ಇದು ಮನೆಮನೆಯ ತೊಂದರೆ. ಇವು ಹೊಂದದಿದ್ದರೆ ನಾಮಿನೇಷನ್, ವರ್ಗಾವಣೆ ಎಲ್ಲವೂ ನಿಲ್ಲುತ್ತವೆ. ಹಾಗಾಗಿ ಕೆಲಸದ ಸಾಲಿನಲ್ಲಿ ಮೊದಲು ಇದು. 2017ರ ಅಕ್ಟೋಬರ್ 1ರ ನಂತರ ಯುಎಎನ್ ಪಡೆದವರು ಈಗ ಹೆಸರು, ವೈವಾಹಿಕ ಸ್ಥಿತಿಯಂಥ ವಿವರಗಳನ್ನು ಆನ್‌ಲೈನ್‌ನಲ್ಲಿ ತಾವೇ ತಿದ್ದಬಹುದು. ನಿಮ್ಮದು 2016ರದ್ದು. ಜಂಟಿ ಘೋಷಣೆಗೆ, ಅಂದರೆ ನೀವೂ ಕಂಪನಿಯೂ ಸೇರಿ ಕೊಡುವ ತಿದ್ದುಪಡಿ ಅರ್ಜಿಗೆ, ಕಂಪನಿಯ ಒಪ್ಪಿಗೆ ಬೇಕಾಗುತ್ತದೆ. ಕೆಲಸದಲ್ಲಿ ಇರುವಾಗಲೇ ಎಚ್‌ಆರ್‌ನವರ ಹಿಂದೆ ಬಿದ್ದು ಮಾಡಿಸಿಕೊಳ್ಳಿ. ಬಿಟ್ಟು ಹೋದವರ ಕಾಗದ ಮೇಜಿನ ತಳಕ್ಕೆ ಹೋಗುತ್ತದೆ.

ಇನ್ನು ವಿಮೆ. ಪಿಎಫ್ ಸದಸ್ಯರಿಗೆ ಇಡಿಎಲ್‌ಐ ಅನ್ನುವ ಜೀವ ವಿಮೆ ಇದೆ. ಅದರ ಕಂತು ಕಂಪನಿಯೇ ಕಟ್ಟುತ್ತದೆ. ಸೇವೆಯಲ್ಲಿರುವಾಗ ಸಾವು ಬಂದರೆ 7 ಲಕ್ಷದ ತನಕ ಸಿಗುತ್ತದೆ. ರಾಜೀನಾಮೆ ಕೊಟ್ಟರೆ ಅದು ಮುಗಿಯಿತು. 2025ರ ತಿದ್ದುಪಡಿಯಲ್ಲಿ, ಕೊನೆಯ ಕಂತಿನಿಂದ ಆರು ತಿಂಗಳೊಳಗೆ ಸಾವು ಸಂಭವಿಸಿದರೂ ವಿಮೆ ಕೊಡುವ ಅವಕಾಶ ಬಂತು, ಆದರೆ ನೌಕರರ ಹೆಸರು ಕಂಪನಿಯ ಪಟ್ಟಿಯಲ್ಲಿ ಇರಬೇಕು. ಅದಕ್ಕೇ, ಪೂರ್ತಿ ರಾಜೀನಾಮೆಯ ಬದಲು ಮೊದಲು ಸಂಬಳವಿಲ್ಲದ ರಜೆ ಕೇಳಿ ನೋಡಿ. ಕೊಡದಿದ್ದರೆ, ಈ ಎರಡು ವರ್ಷಕ್ಕೆ ಒಂದು ಟರ್ಮ್ ವಿಮೆ (ಆ ಅವಧಿಯಲ್ಲಿ ಸಾವು ಬಂದರೆ ಮಾತ್ರ ಹಣ ಕೊಡುವ ವಿಮೆ) ಮಾಡಿಸಿ. ಸಂಬಳ ನಿಂತ ಮೇಲೆ ಕಂಪನಿಗಳು ವಿಮೆ ಕೊಡಲು ಆದಾಯದ ದಾಖಲೆ ಕೇಳುತ್ತವೆ, ಆದ್ದರಿಂದ ಬಿಡುವ ಮುಂಚೆಯೇ ಮಾಡಿಸಿ.

ನಿಮ್ಮ ಯಜಮಾನರೂ ಪಿಎಫ್ ಸದಸ್ಯರಾದರೆ ಅವರ ಪೋರ್ಟಲ್ ಕೂಡ ಇದೇ ದಿನ ತೆರೆಯಿರಿ. ಮದುವೆಗೆ ಮುಂಚಿನ ನಾಮಿನೇಷನ್ ಅವರದ್ದೂ ರದ್ದಾಗಿದೆ. ನೀವು ಮನೆಯಲ್ಲಿರುವ ಎರಡು ವರ್ಷ ಮೂವರ ಭದ್ರತೆಯೂ ಅವರ ಖಾತೆಯ ಮೇಲೆ ನಿಂತಿರುತ್ತದೆ.

ಕೆಲಸ ಬಿಡುವ ಮುಂಚೆ ಹೆಸರು ತಿದ್ದುಪಡಿ, ಅದಾದ ಮೇಲೆ ಹಳೆಯ ಖಾತೆಯ ವರ್ಗಾವಣೆ, ನಾಮಿನೇಷನ್. ಈ ಕ್ರಮದಲ್ಲಿ ಹೋಗಿ. ಬಿಟ್ಟ ಎರಡು ತಿಂಗಳಿಗೆ ಪೋರ್ಟಲ್‌ನಲ್ಲಿ ನಿಮ್ಮ ಕೊನೆಯ ದಿನ ನಮೂದಾಗಿದೆಯಾ ನೋಡಿ. ಕಂಪನಿ ಹಾಕದಿದ್ದರೆ ಆಧಾರ್ ಓಟಿಪಿ ಬಳಸಿ ನೀವೇ ಹಾಕಬಹುದು. ಆದರೆ ಕೊನೆಯ ಕಂತು ಬಂದ ತಿಂಗಳೊಳಗಿನ ದಿನಾಂಕವನ್ನೇ ಹಾಕಿ, ಸರಿಯಾಗಿ ನೋಡಿ ಹಾಕಿ. ಹಾಕಿದ ಮೇಲೆ ಅದನ್ನು ತಿದ್ದುವುದು ಕಷ್ಟ. ಮುಂದಿನ ಕೆಲಸದ ದಿನಾಂಕದೊಂದಿಗೆ ಅದು ಸಿಕ್ಕಿಹಾಕಿಕೊಂಡರೆ ವರ್ಗಾವಣೆ ಅರ್ಜಿ ಮತ್ತೆ ವಾಪಸ್ ಬರುತ್ತದೆ.